ಗಿಟಾರಿನ ಬಿರಡೆ

ಸಂಸ್ಕೃತದ ಮಾಸ್ತರನೊಬ್ಬನು ಗಿಟಾರಿನ ವಿಷಯವಾಗಿ ಲೇಖನ ಬರೆಯುವುದೆಂದರೆ ವಾಚಕರಲ್ಲಿ ಕೆಲವರಿಗೆ ನಗು ಬರಬಹುದು. ನನಗೂ ಬರುತ್ತದೆ. ಮೂವತ್ತೈದು ವರ್ಷಗಳ ಕಾಲ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಮಕ್ಕಳ ಬಾಯಲ್ಲಿ ಹೊರಳಿಸಿದವನು ನಾನು. ಆ ವಾದ್ಯದ ಒಂದು ತಂತಿಯನ್ನಾದರೂ ಸರಿಯಾಗಿ ಮೀಟಲಾರೆನು. ಆದರೂ ಕಳೆದ ಮಳೆಗಾಲದಲ್ಲಿ ಎರಡು ತಿಂಗಳು, ಅದರ ತಲೆಯ ಮೇಲಿನ ಆರು ಬಿರಡೆಗಳ ದೆಸೆಯಿಂದ, ಬಂಟವಾಳ ಮೂಡಬಿದಿರೆ ಬೆಳ್ತಂಗಡಿಗಳ ನಡುವೆ ಕೊಡೆ ಹಿಡಿದುಕೊಂಡು ಅಲೆದಾಡಿದೆನು. ಅಂಗಡಿಯವರು ಅವನ್ನು ಟ್ಯೂನಿಂಗ್ ಕೀ ಎನ್ನುತ್ತಾರೆ. ವೀಣೆಯ ಮನೆಯಲ್ಲಿ ಹುಟ್ಟಿದ ನನಗೆ ಬಿರಡೆ ಎಂಬ ಮಾತೇ ಬಾಯಿಗೆ ಬರುತ್ತದೆ.

ಗಿಟಾರು ನನ್ನದಲ್ಲ. ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಮಿತ್ರರದು. ಅವರು ಬೆಳ್ತಂಗಡಿ ಕಡೆಯ ಕ್ರೈಸ್ತರು. ಮನೆಯ ಮಾತು ಕೊಂಕಣಿ, ಪಾಠದ ಮಾತು ಅಚ್ಚ ಕನ್ನಡ, ಸಿಟ್ಟು ಬಂದಾಗಿನ ಮಾತು ತುಳು. ನನಗಿಂತ ಹದಿನಾರು ವರ್ಷ ಹಿರಿಯರು. ಹದಿನೇಳು ವರ್ಷ ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತು ನಾವು ಉತ್ತರಪತ್ರಿಕೆಗಳನ್ನು ತಿದ್ದಿದ್ದೇವೆ. ಮುಂಬಯಿಯಲ್ಲಿ ಕೆಲಸಕ್ಕಿದ್ದ ಅವರ ಸೋದರಮಾವನು 1968ರಲ್ಲಿ ಆ ಗಿಟಾರನ್ನು ಯಾರಿಂದಲೋ ಕೊಂಡು ತಂದದ್ದಂತೆ. ಒಳಗೆ ಅಂಟಿಸಿದ್ದ ಚೀಟಿಯನ್ನು ಗೆದ್ದಲು ಓದಿ ಮುಗಿಸಿದೆ. ಆದುದರಿಂದ ಯಾರು ಮಾಡಿದ್ದೆಂದು ಹೇಳುವಂತಿಲ್ಲ. 1974ರಲ್ಲಿ ನೇತ್ರಾವತಿಯು ಉಕ್ಕಿ ಬಂಟವಾಳದ ಪೇಟೆಗೆ ನುಗ್ಗಿದಾಗ, ನದಿಯ ಹತ್ತಿರ ಬಾಡಿಗೆಯ ಕೋಣೆಯಲ್ಲಿದ್ದ ಆ ತರುಣ ಮಾಸ್ತರರು ಗಿಟಾರನ್ನು ತಲೆಯ ಮೇಲೆ ಹೊತ್ತು ಹೊರಟರು. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಕೋಣೆಯಲ್ಲಿಯೇ ಉಳಿಯಿತು. ಆ ತರಗತಿಯವರೆಲ್ಲರೂ ಗಣಿತದಲ್ಲಿ ತೇರ್ಗಡೆಯಾದರೆಂದು ಅವರೇ ನಗುತ್ತ ಹೇಳುತ್ತಿದ್ದರು.

ನಾನು ಶಾಲೆಗೆ ಸೇರಿದ ಹೊಸತರಲ್ಲಿ ಒಂದು ತಪ್ಪು ಮಾಡಿದೆನು. ಶಾರದಾಪೂಜೆಯ ದಿನ ಅವರು ಗಿಟಾರನ್ನು ತಂದು ಅಧ್ಯಾಪಕರ ಕೋಣೆಯಲ್ಲಿ ಶ್ರುತಿ ಮಾಡುತ್ತಿದ್ದರು. ಪಾಂಡಿತ್ಯದ ಬಿಸಿ ಇನ್ನೂ ಆರಿರದ ನಾನು ಎಲ್ಲರ ಮುಂದೆ, “ಇದೇನು ಮಾಸ್ಟ್ರೇ, ದೇವಿಯ ಮುಂದೆ ಮ್ಲೇಚ್ಛವೀಣೆ?” ಎಂದುಬಿಟ್ಟೆನು. ಕೆಲವರು ನಕ್ಕರು. ಅವರು ತಲೆಯೆತ್ತದೆ ಬಿರಡೆ ತಿರುಗಿಸುತ್ತಲೇ, “ನಿಮ್ಮ ಮನೆಯ ಸಾರಿಗೆ ಮೆಣಸಿನಕಾಯಿ ಹಾಕುವುದಿಲ್ಲವೋ, ಪಂಡಿತರೇ? ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು,” ಎಂದರು. ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿ ಸುಮಾರು ಇನ್ನೂರು ವರ್ಷಗಳಾದುವೆಂಬುದು ನನಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಅನಂತರ ನಾವು ಗಾಢಮಿತ್ರರಾದೆವು. ಆದರೆ ಆ ಮಾತಿಗಾಗಿ ನಾನು ಎಂದೂ ಕ್ಷಮೆ ಕೇಳಲಿಲ್ಲ. ನಾಳೆ ಕೇಳೋಣ, ಇನ್ನೊಮ್ಮೆ ಕೇಳೋಣ ಎಂದು ವರ್ಷಗಳು ಹೋದುವು.

2018ರಲ್ಲಿ ಅವರು ಹಾಸಿಗೆ ಹಿಡಿದಿದ್ದಾಗ ನನ್ನನ್ನು ಕರೆಸಿ ಗಿಟಾರನ್ನು ಒಪ್ಪಿಸಿದರು. ಮಗನು ಕೊಲ್ಲಿಯ ದೇಶದಲ್ಲಿ. ಹಳೆಯ ಮನೆಯನ್ನು ಕೆಡವಿ ಕಟ್ಟಿಸುವ ಗದ್ದಲ ಬೇರೆ. “ಮೊಮ್ಮಗಳ ಕೈ ಇನ್ನೂ ಚಿಕ್ಕದು. ಬೆರಳು ಉದ್ದವಾದ ಮೇಲೆ ಅವಳಿಗೆ ಕೊಡಿ. ನಿಮಗೆ ನುಡಿಸಲು ಬಾರದು, ಆದುದರಿಂದ ಕೆಡಿಸಲಾರಿರಿ,” ಎಂದರು. ಗಣಿತದವರ ತರ್ಕ. ಅವರು ಜೀವನದಲ್ಲಿ ತಪ್ಪು ಲೆಕ್ಕ ಹಾಕಿದ್ದು ಅದೊಂದೇ ಇರಬೇಕು. ಏಕೆಂದರೆ ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ, ತಂತಿಗಳನ್ನು ಬಿಗಿದಿದ್ದ ಹಾಗೆಯೇ ಅಟ್ಟಕ್ಕೇರಿಸಿ, ಏಳು ಮಳೆಗಾಲ ಮರೆತುಬಿಟ್ಟೆನು. ಬಹುಕಾಲ ನುಡಿಸದೆ ಇಡುವ ವಾದ್ಯದ ತಂತಿಯನ್ನು ಒಂದೆರಡು ಸ್ವರದಷ್ಟಾದರೂ ಇಳಿಸಿ ಇಡಬೇಕು. ಆರು ತಂತಿಗಳೂ ಕೂಡಿ ಸುಮಾರು ನಲವತ್ತು ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ನಮ್ಮ ಊರಿನ ತೇವದಲ್ಲಿ ಹಗಲಿರುಳು ಆ ಎಳೆತವನ್ನು ತಾಳುವುದು ಮರಕ್ಕೂ ಹಿತವಲ್ಲ, ಲೋಹಕ್ಕೂ ಹಿತವಲ್ಲ.

ಕಳೆದ ಜೂನಿನಲ್ಲಿ ಆ ಮೊಮ್ಮಗಳು ನಮ್ಮ ಮನೆಗೆ ಬಂದಳು. ಮೂಡಬಿದಿರೆಯ ವಸತಿಶಾಲೆಯಲ್ಲಿ ಹತ್ತನೆಯ ತರಗತಿ, ಗಿಟಾರು ಕಲಿಯುತ್ತಿದ್ದಾಳೆ. ಬೆರಳುಗಳನ್ನು ನನ್ನ ಮುಂದೆ ಹರಡಿ, “ಅಜ್ಜಾ, ಈಗ ಸಾಕೇ?” ಎಂದಳು. ಅನಂತರ ನಿಜವಾದ ಕಾರಣ ಹೊರಬಂತು. ಬೆಳ್ತಂಗಡಿಯ ಮನೆಯಲ್ಲಿ ಅಜ್ಜಿಗೆ ಕಣ್ಣು ಮಂದವಾಗಿದೆ. ಮನಸ್ಸೂ ಒಮ್ಮೆ ಇಲ್ಲಿ ಇದ್ದರೆ ಒಮ್ಮೆ ಎಲ್ಲಿಯೋ. ಸಂಜೆಯಾದರೆ, “ಅವರು ಇನ್ನೂ ಬಾಜಿಸಲಿಕ್ಕೆ ಕೂತುಕೊಳ್ಳಲಿಲ್ಲವೋ?” ಎಂದು ಕೇಳುತ್ತಾರಂತೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಅಜ್ಜನ ಗಿಟಾರನ್ನೇ ಅಜ್ಜಿಯ ಮುಂದೆ ನುಡಿಸಬೇಕೆಂದು ಹುಡುಗಿಯ ಸಂಕಲ್ಪ. ನಮ್ಮ ಜಿಲ್ಲೆಯ ಕ್ರೈಸ್ತರ ತೆನೆಹಬ್ಬವದು. ಮಕ್ಕಳು ಕನ್ಯಾಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಹೊಸ ಭತ್ತದ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಹಾಕಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ.

ಅಟ್ಟದಿಂದ ಇಳಿಸಿ ಬಟ್ಟೆ ಬಿಚ್ಚಿದೆವು. ಮರ ಉಳಿದಿತ್ತು, ದೇವರು ದೊಡ್ಡವನು. ಅವಳು ಬಿರಡೆಯನ್ನು ಹಿಡಿದು ತಿರುಗಿಸಿದಳು. ಅರ್ಧ ಸುತ್ತು ಬರಿದೇ ತಿರುಗಿತು, ತಂತಿ ಮಿಸುಕಲಿಲ್ಲ. ಇನ್ನಷ್ಟು ತಿರುಗಿಸಿದಾಗ ಕಟಕ್ಕೆಂದು ಸದ್ದಾಗಿ ತಂತಿ ಪೂರ್ತಿ ಸಡಿಲವಾಯಿತು. ಅವಳು ನನ್ನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಇಲ್ಲಿ ಬಿರಡೆಯ ರಚನೆಯನ್ನು ಸ್ವಲ್ಪ ಹೇಳಬೇಕು. ನಮ್ಮ ವೀಣೆಯ ಬಿರಡೆ ಮರದ ಗೂಟ. ರಂಧ್ರದಲ್ಲಿ ಬಿಗಿಯಾಗಿ ಕುಳಿತು ತಿಕ್ಕಾಟದ ಬಲದಿಂದಲೇ ತಂತಿಯನ್ನು ಹಿಡಿದಿರುತ್ತದೆ. ಜಾರಿದರೆ ಸೀಮೆಸುಣ್ಣ ಸವರಿ ಒತ್ತುತ್ತೇವೆ. ಗಿಟಾರಿಗೂ ಮೊದಲು ಅಂತಹ ಗೂಟಗಳೇ ಇದ್ದುವು. ಸ್ಪೇನಿನ ಫ್ಲಮೆಂಕೊ ವಾದಕರು ಬಹುಕಾಲ ಅವನ್ನು ಬಿಡಲಿಲ್ಲ. ಲೋಹದ ಯಂತ್ರಗಳು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಯಾದುವು. ವಿಯೆನ್ನಾದ ಸ್ಟೌಫರನ ಗಿಟಾರುಗಳಲ್ಲಿ ಅಂತಹವು ಇದ್ದುವು. ಶಾಸ್ತ್ರೀಯ ಗಿಟಾರಿನ ತಲೆಯಲ್ಲಿ ಉದ್ದನೆಯ ಎರಡು ಸೀಳುಗಳು. ಒಂದೊಂದರಲ್ಲಿಯೂ ಅಡ್ಡವಾಗಿ ಮೂರು ಬಿಳಿಯ ಉರುಳೆಗಳು. ಉರುಳೆಯ ತುದಿಯಲ್ಲಿ ಒಂದು ಹಲ್ಲಿನ ಗಾಲಿ, ಅದರ ಹಲ್ಲುಗಳಿಗೆ ಸಿಕ್ಕಿಕೊಂಡಿರುವ ಒಂದು ತಿರುಪಿನ ಕಡ್ಡಿ, ಕಡ್ಡಿಯ ಕೊನೆಯಲ್ಲಿ ಬೆರಳಿಗೆ ಸಿಗುವ ಕಿವಿ. ಗಾಲಿಗೆ ಹದಿನಾಲ್ಕು ಹಲ್ಲುಗಳಿದ್ದರೆ ಕಿವಿಯನ್ನು ಹದಿನಾಲ್ಕು ಸುತ್ತು ತಿರುಗಿಸಿದಾಗ ಉರುಳೆ ಒಂದು ಸುತ್ತು ಬರುತ್ತದೆ. ಹೀಗೆ ದೊಡ್ಡ ಚಲನೆಯು ಸಣ್ಣದಾಗಿ ತಂತಿಗೆ ತಲಪುತ್ತದೆ. ಮಕ್ಕಳ ಕೈಯೂ ಸೂಕ್ಷ್ಮವಾದ ಶ್ರುತಿಯನ್ನು ಹಿಡಿಯಬಲ್ಲದು. ಹಲ್ಲು ಸವೆದರೆ ಮಾತ್ರ ಎಲ್ಲ ಕೆಟ್ಟಿತು.

ಎಲ್ಲ ಅಪಸ್ವರವೂ ಬಿರಡೆಯ ತಪ್ಪಲ್ಲವೆಂಬುದನ್ನೂ ಆಗಲೇ ಕಲಿತೆನು. ಹೊಸ ನೈಲಾನ್ ತಂತಿಯು ನಾಲ್ಕಾರು ದಿನ ಹಿಗ್ಗುತ್ತಲೇ ಇರುತ್ತದೆ. (ಮೊದಲು ಪ್ರಾಣಿಯ ಕರುಳಿನ ತಂತಿಗಳಿದ್ದುವು, ನೈಲಾನ್ ಬಂದದ್ದು 1940ರ ದಶಕದಲ್ಲಿ. ನನ್ನಂಥವನು ಮುಟ್ಟುವಂತಾದದ್ದಕ್ಕೆ ಅದೂ ಒಂದು ಕಾರಣವೆನ್ನಿ.) ಕತ್ತಿನ ಮೇಲ್ತುದಿಯ ಎಲುಬಿನ ಪಟ್ಟಿಯ ಗೀರಿನಲ್ಲಿ ತಂತಿ ಸಿಕ್ಕಿಕೊಂಡರೂ ಶ್ರುತಿ ಹಾರುತ್ತದೆ, ಅದಕ್ಕೆ ಪೆನ್ಸಿಲಿನ ಸೀಸವನ್ನು ಗೀರಿಗೆ ತಿಕ್ಕಿದರೆ ಸಾಕು. ಗಾಲಿಯ ನಡುವಿನ ತಿರುಪು ಸಡಿಲವಾಗಿದ್ದರೆ ಬಿಗಿಯಬೇಕು. ಇಷ್ಟೆಲ್ಲವನ್ನೂ ನೋಡಿದ ಮೇಲೆ ಯಂತ್ರವನ್ನು ದೂರಬೇಕು. ನಾನಾದರೋ ಏನನ್ನೂ ನೋಡುವ ಮೊದಲೇ ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಆರು ಗಾಲಿಗಳಿಗೂ ಧಾರಾಳವಾಗಿ ಅಭ್ಯಂಗ ಮಾಡಿಸಿದೆನು. ಒಂದು ವಾರದಲ್ಲಿ ಧೂಳು ಕೂಡಿ ಅದು ಅಂಟಾಯಿತು. ಕಡೆಗೆ ನನ್ನ ಹೆಂಡತಿ ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು ಅದ್ದಿ ತೊಳೆದು, ಹೊಲಿಗೆಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೊಂದು ಹನಿ ಬಿಟ್ಟಳು. “ಇದಕ್ಕೆ ವ್ಯಾಕರಣ ಬೇಡ,” ಎಂದಳು. ತೊಳೆದ ಮೇಲೆ ಸತ್ಯ ಕಂಡಿತು: ನಾಲ್ಕು ಗಾಲಿಗಳ ಹಿತ್ತಾಳೆಯ ಹಲ್ಲುಗಳು ಒಂದು ಬದಿಗೆ ಚೂಪಾಗಿ ಸವೆದಿದ್ದುವು. ಬದಲಾಯಿಸದೆ ಗತಿಯಿರಲಿಲ್ಲ.

ಹತ್ತಿರದ ನಗರದ ಅಂಗಡಿಯೊಂದಕ್ಕೆ ಹೇಳಿ ತರಿಸಿದೆನು. ಬಂದದ್ದು ಉಕ್ಕಿನ ತಂತಿಯ ಗಿಟಾರಿಗೆ ಸಲ್ಲುವ ಸಣಕಲು ಲೋಹದ ಕಂಬಗಳುಳ್ಳ ಬಿರಡೆ. ಹಿಂದಿರುಗಿಸಲು ಹೋದರೆ, “ಉಕ್ಕಿನ ತಂತಿಯನ್ನೇ ಹಾಕಿಬಿಡಿ, ಒಳ್ಳೆಯ ಸದ್ದು ಬರುತ್ತದೆ,” ಎಂದರು. ಯಾರ ಮನೆಯಲ್ಲಾದರೂ ಹಳೆಯ ಶಾಸ್ತ್ರೀಯ ಗಿಟಾರು ಇದ್ದರೆ ಈ ಮಾತನ್ನು ಕೇಳಬೇಡಿರಿ. ಉಕ್ಕಿನ ತಂತಿಯ ಎಳೆತ ಹೆಚ್ಚು. ನೈಲಾನಿಗಾಗಿ ಹಗುರವಾಗಿ ಕಟ್ಟಿದ ಮುಖದ ಹಲಗೆ ಉಬ್ಬಿ, ಕುದುರೆ ಕಿತ್ತು ಬರುತ್ತದೆ. ಎರಡನೆಯ ಸಲ ಸರಿಯಾದ ಜಾತಿಯೇ ಬಂತು: ಒಂದು ತಗಡಿಗೆ ಮೂರು, ಹತ್ತು ಮಿಲಿಮೀಟರು ದಪ್ಪದ ಉರುಳೆ. ಆದರೆ ಕೂರಲಿಲ್ಲ. ಈಗಿನ ಬಿರಡೆಗಳಲ್ಲಿ ಒಂದು ಉರುಳೆಯ ನಡುವಿನಿಂದ ಇನ್ನೊಂದರ ನಡುವಿಗೆ ಮೂವತ್ತೈದು ಮಿಲಿಮೀಟರು. ನಮ್ಮದರಲ್ಲಿ ಮೂವತ್ತೆಂಟು. ಕೊಳ್ಳುವ ಮೊದಲು ಅಳತೆಪಟ್ಟಿ ಇಟ್ಟು ನೋಡಬೇಕಾಗಿತ್ತು. ಗಣಿತದ ಮಾಸ್ತರರ ವಾದ್ಯವನ್ನು ಅಳೆಯದೆ ಮುಟ್ಟಿದ್ದಕ್ಕೆ ತಕ್ಕ ಶಾಸ್ತಿಯಾಯಿತು.

ಪಾಣಿನಿಯ ವ್ಯಾಕರಣದಲ್ಲಿ ಒಂದರ ಜಾಗಕ್ಕೆ ಬರುವ ಇನ್ನೊಂದಕ್ಕೆ ಆದೇಶವೆಂದು ಹೆಸರು. ಜಾಗ ಬಿಟ್ಟುಕೊಡುವುದು ಸ್ಥಾನಿ. ಆಗಮವು ಮಿತ್ರನ ಹಾಗೆ ಬಂದು ಪಕ್ಕದಲ್ಲಿ ಕುಳಿತರೆ ಆದೇಶವು ಶತ್ರುವಿನ ಹಾಗೆ ಬಂದು ಇದ್ದವನನ್ನು ಎಬ್ಬಿಸುತ್ತದೆಂದು ಪಾಠ ಹೇಳುವವರು ತಮಾಷೆ ಮಾಡುವುದುಂಟು. ಆದರೂ ಬಂದ ಆದೇಶವು ಸ್ಥಾನಿಯಂತೆಯೇ ನಡೆದುಕೊಳ್ಳಬೇಕು, ಸ್ಥಾನಿಗಿದ್ದ ಹಕ್ಕು ಹೊಣೆಗಳೆಲ್ಲ ಅದಕ್ಕೆ ಸಲ್ಲಬೇಕು; ವರ್ಣವನ್ನೇ ಆಶ್ರಯಿಸಿದ ವಿಧಿಗಳಲ್ಲಿ ಮಾತ್ರ ಈ ಸಮಾನತೆ ಸಲ್ಲದು. ಇದನ್ನು ನಾನು ಎಷ್ಟೋ ವರ್ಷ ಕಪ್ಪು ಹಲಗೆಯ ಮುಂದೆ ನಿಂತು ಹೇಳಿದ್ದೇನೆ. ನನ್ನ ಜಾಗಕ್ಕೂ ಈಗ ಒಬ್ಬ ಆದೇಶ ಬಂದಿದ್ದಾನೆ. ಒಳ್ಳೆಯ ಹುಡುಗ, ನನ್ನ ಕುರ್ಚಿ ತಗ್ಗಾಯಿತೆಂದು ಬೇರೆ ತರಿಸಿಕೊಂಡನಂತೆ. ಮೂರು ಮಿಲಿಮೀಟರಿನ ಆ ತಗಡನ್ನು ಕೈಯಲ್ಲಿ ಹಿಡಿದಾಗ ಸೂತ್ರದ ಅರ್ಥ ಹೊಸದಾಗಿ ಹೊಳೆದಂತಾಯಿತು.

ಸಿದ್ಧಕಟ್ಟೆಯ ಮೇಲೆ ಹೋಗುವ ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂಡಬಿದಿರೆಗೆ ಹೋದೆನು. ಅಲ್ಲಿ ಸೂಕ್ಷ್ಮವಾದ ಮರಗೆಲಸಕ್ಕೆ ಹೆಸರಾದ ಒಬ್ಬ ಆಚಾರಿಯವರಿದ್ದಾರೆ. ಅವರು ತಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಳೆಯ ರಂಧ್ರಗಳಿಗೆ ಮರದ ಬೆಣೆ ಹೊಡೆದು ತುಂಬಿ, ಹೊಸ ಅಳತೆಗೆ ಹೊಸದಾಗಿ ಕೊರೆದುಕೊಡುವೆನೆಂದರು. ಕೆಲಸ ಬಲ್ಲವರ ಮಾತು. ಆ ವಿಧಾನವೂ ಉಂಟು. ಯೋಚಿಸಿ ಹೇಳುತ್ತೇನೆಂದು ಹೊರಬಿದ್ದೆನು. ಹುಡುಗಿಗೆ ಶಾಲೆ ಬಿಡುವವರೆಗೆ ಹೊತ್ತು ಕಳೆಯಬೇಕಾಗಿತ್ತು. ಬಸದಿಗಳ ಬೀದಿಯಲ್ಲಿ ನಡೆದೆನು. ಧವಲಾ ಮೊದಲಾದ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು, ಹಳಗನ್ನಡದ ಲಿಪಿಯಲ್ಲಿ ಬರೆದ ಪ್ರಾಕೃತ ಭಾಷೆಯವು, ಶತಮಾನಗಳ ಕಾಲ ಉಳಿದದ್ದು ಈ ಊರಿನಲ್ಲಿ. ಓಲೆಗಳು ಶಿಥಿಲವಾಗುತ್ತಿರುವುದನ್ನು ಕಂಡು ಪ್ರತಿ ಮಾಡಿಸಿದರು. ಪ್ರತಿಯಾದ ಮೇಲೆ ಮೂಲದ ಓಲೆಯನ್ನು ಒಲೆಗೆ ಹಾಕಲಿಲ್ಲ. ಗಿಟಾರಿನ ತಲೆಯನ್ನು ಹೊಸ ತಗಡಿಗಾಗಿ ಕೊರೆಯುವುದು ನನಗೇಕೋ ಓಲೆಯನ್ನು ಪ್ರತಿಯ ಅಳತೆಗೆ ಕತ್ತರಿಸಿದ ಹಾಗೆ ಕಂಡಿತು. ಹೋಲಿಕೆ ಸ್ವಲ್ಪ ಎಳೆದದ್ದೇ ಇರಬಹುದು. ಆದರೆ ಆಚಾರಿಯವರಲ್ಲಿಗೆ ಮತ್ತೆ ಹೋಗಲಿಲ್ಲ.

ಉಪಾಯ ಸಿಕ್ಕಿದ್ದು ಬಂಟವಾಳದಲ್ಲಿಯೇ, ಒಬ್ಬ ಅಕ್ಕಸಾಲಿಗನ ಕೈಯಲ್ಲಿ. ನಮ್ಮಿಬ್ಬರ ಶಿಷ್ಯ ಅವನು; ಸಂಸ್ಕೃತದಲ್ಲಿ ನಾನು ಕೊಟ್ಟ ಅಂಕಗಳನ್ನು ಇಬ್ಬರೂ ನೆನೆಯುವುದಿಲ್ಲ. ತಗಡನ್ನೂ ಗಿಟಾರಿನ ತಲೆಯನ್ನೂ ಪಕ್ಕದಲ್ಲಿ ಇಟ್ಟು ಒಂದು ನಿಮಿಷ ನೋಡಿ, “ಮಾಸ್ಟ್ರೇ, ಮರವನ್ನು ಯಾಕೆ ಕೊರೆಯಬೇಕು? ತಗಡನ್ನು ಕೊಯ್ದರಾಯಿತು,” ಎಂದನು. ಬಂಗಾರದ ತಂತಿ ಕೊಯ್ಯುವ ಕೂದಲೆಳೆಯಂತಹ ಗರಗಸದಿಂದ ಒಂದೊಂದು ತಗಡನ್ನೂ ಮೂರು ತುಂಡು ಮಾಡಿದನು. ಈಗ ಒಂದೊಂದು ಬಿರಡೆಯೂ ಸ್ವತಂತ್ರ. ಹಳೆಯ ರಂಧ್ರದಲ್ಲಿ ತನ್ನ ಪಾಡಿಗೆ ಕುಳಿತುಕೊಂಡಿತು. ತುಂಡುಗಳ ನಡುವೆ ಮೂರು ಮಿಲಿಮೀಟರು ಸಂದು. ತುಂಡಿಗೆ ಎರಡೆರಡು ತಿರುಪು ಬೇಕಾದುದರಿಂದ ಹೊಸದಾಗಿ ಸಣ್ಣ ತೂತು ಕೊರೆದನು. ಹಳೆಯ ತಿರುಪಿನ ತೂತುಗಳಿಗೆ ಬಿದಿರಿನ ಕಡ್ಡಿಯ ಚೂರನ್ನು ಅಂಟಿನಲ್ಲಿ ಅದ್ದಿ ತುಂಬಿದನು. ಕೂಲಿ ಎಷ್ಟೆಂದರೆ, “ಗಣಿತದ ಮಾಸ್ಟ್ರಿಗೆ ಕೊಡಲಿಕ್ಕೆ ಬಾಕಿ ಉಂಟು,” ಎಂದನು. ಏನು ಬಾಕಿಯೋ ನಾನು ಕೇಳಲಿಲ್ಲ.

ಭಾನುವಾರ ಹುಡುಗಿ ಬಂದಳು. ಆರೂ ಹೊಸ ಬಿರಡೆಗಳು ಬೆಣ್ಣೆಯಂತೆ ತಿರುಗುತ್ತಿದ್ದುವು; ಬಿಳಿಯ ಕಿವಿಗಳು ಸಾಲಾಗಿ ಹೊಳೆಯುತ್ತಿದ್ದುವು. ನಾನು ಹೊಗಳಿಕೆಯನ್ನು ನಿರೀಕ್ಷಿಸುತ್ತ ನಿಂತಿದ್ದೆನು. ಅವಳು ಎದುರಿನಿಂದ ಬಲಗಡೆಯ ಮೇಲ್ತುದಿಯ ಕಿವಿಯನ್ನು ಮುಟ್ಟಿ, “ಗೆರಟೆಯದ್ದು ಎಲ್ಲಿ?” ಎಂದಳು.

ಹಳೆಯ ಬಿರಡೆಗಳಲ್ಲಿ ಒಂದರ ಕಿವಿ ಕಪ್ಪಾಗಿತ್ತೆಂಬುದು ನನಗೂ ಕಂಡಿತ್ತು; ಯಾವುದೋ ಅಗ್ಗದ ರಿಪೇರಿಯೆಂದುಕೊಂಡಿದ್ದೆನು. ಮೂರನೆಯ ತಂತಿಯ ಕಿವಿ ಒಮ್ಮೆ ಮುರಿದುಹೋದಾಗ ಅವಳ ಅಜ್ಜನು ತೆಂಗಿನ ಗೆರಟೆಯ ತುಂಡನ್ನು ಬೇಸಗೆಯ ರಜೆಯಲ್ಲಿ ಕಲ್ಲಿಗೆ ತಿಕ್ಕಿ ತಿಕ್ಕಿ ಮಾಡಿದ ಕಿವಿಯಂತೆ ಅದು. ಅಜ್ಜಿ ತಮಾಷೆ ಮಾಡುತ್ತಿದ್ದರಂತೆ. ಆದರೆ ಕರೆಂಟು ಹೋದ ರಾತ್ರಿಗಳಲ್ಲಿ ಕತ್ತಲೆಯಲ್ಲಿ ಶ್ರುತಿ ಮಾಡುವಾಗ ಬೆರಳಿಗೆ ಅದೇ ಗುರುತು. ಗಾಳಿಗೆ ಕಿಟಕಿ ಹೊಡೆದುಕೊಳ್ಳುವ ಮಳೆಗಾಲದಲ್ಲಿ ಅಜ್ಜಿಯೇ ಪಕ್ಕದಲ್ಲಿ ಕುಳಿತು ಕಿವಿ ತಿರುಗಿಸಿ ಕೊಡುತ್ತಿದ್ದರಂತೆ. “ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲ, ಅಜ್ಜಾ. ಅವರು ಅದನ್ನೇ ಹುಡುಕುತ್ತಾರೆ,” ಎಂದಳು.

ಬಿರಡೆಯಿಂದ ನಾದ ಹುಟ್ಟುವುದಿಲ್ಲ. ಹಳೆಯದು ಹೋಗಿ ಹೊಸದು ಬಂದರೂ ಗಿಟಾರಿನ ದನಿ ಅದೇ ಮರದ ದನಿ; ಕಿವಿಗೆ ಏನೂ ಲೋಪವಿಲ್ಲ. ಲೋಪವಾದದ್ದು ಕೈಗೆ. ಪಾಣಿನಿಯ ಸೂತ್ರದಲ್ಲಿ ಅಪವಾದವಿರುವುದು ವರ್ಣಕ್ಕೆ. ಇಲ್ಲಿ ಅದು ಬೇರೆ ಕಡೆಯಲ್ಲಿತ್ತು. ಹಳೆಯ ಸಾಮಾನಿನ ಪೊಟ್ಟಣವನ್ನು ಹೆಂಡತಿ ಗುಜರಿಗೆ ಕೊಟ್ಟಿರಲಿಲ್ಲ ಎಂಬುದೇ ಪುಣ್ಯ. ಮತ್ತೆ ಅಕ್ಕಸಾಲಿಗನ ಅಂಗಡಿಗೆ ಹೋದೆವು. ಅವನು ಹೊಸ ಕಡ್ಡಿಯ ಬಿಳಿಯ ಕಿವಿಯನ್ನು ಕಳಚಿ, ಗೆರಟೆಯದರ ರಂಧ್ರವನ್ನು ಅರದಿಂದ ಚೂರೇ ಹಿಗ್ಗಿಸಿ, ಅಂಟು ಹಾಕಿ ಕೂರಿಸಿ, ಒಂದು ದಿನ ಮುಟ್ಟಬಾರದೆಂದನು. ಹಬ್ಬಕ್ಕೆ ಹತ್ತು ದಿನವಿತ್ತು. ಹೊಸ ತಂತಿ ಹಿಗ್ಗಿ ನಿಲ್ಲಲು ಅಷ್ಟು ಬೇಕೇ ಬೇಕು.

ಹಬ್ಬದ ದಿನ ಪುಂಜಾಲಕಟ್ಟೆಯ ದಾರಿಯಾಗಿ ಬೆಳ್ತಂಗಡಿಗೆ ಹೋದೆನು. ಮೊಂತಿ ಹಬ್ಬದ ಊಟ ಅವರಲ್ಲಿ ಸಸ್ಯಾಹಾರ, ಬಾಳೆಯೆಲೆಯ ಮೇಲೆ; ಆದುದರಿಂದ ನನಗೆ ಸಂಕೋಚಕ್ಕೆ ಆಸ್ಪದವಿರಲಿಲ್ಲ. ಊಟವಾದ ಮೇಲೆ ಹುಡುಗಿ ಗಿಟಾರನ್ನು ತಂದು ಅಜ್ಜಿಯ ಮಡಿಲಲ್ಲಿ ಅಡ್ಡ ಇಟ್ಟಳು. ಆ ತಾಯಿ ಮೊದಲು ಮುಖದ ಹಲಗೆಯನ್ನು ಸವರಿದರು. ಕತ್ತಿನುದ್ದಕ್ಕೂ ಕೈ ಹೋಯಿತು. ತಲೆಯ ಹತ್ತಿರ ನುಣುಪಾದ ಹೊಸ ಕಿವಿಗಳು ಒಂದೊಂದಾಗಿ ಸಿಕ್ಕಾಗ ಹುಬ್ಬು ಗಂಟಾಯಿತು. ಎರಡನೆಯ ಸಾಲಿನ ಕೊನೆಗೆ ಬಂದಾಗ ಬೆರಳು ನಿಂತಿತು.

“ಇದು ಮೂರನೆಯದು,” ಎಂದರು.

ಮೆಲ್ಲನೆ ಕಾಲು ಸುತ್ತು ತಿರುಗಿಸಿದರು. ಹುಡುಗಿ ಬೆಳಗಿನಿಂದ ಸರಿಮಾಡಿದ್ದ ಶ್ರುತಿ ಮೇಲೇರಿತು. ಅವಳು ನನ್ನನ್ನು ನೋಡಿದಳು; ಸುಮ್ಮನಿರೆಂದು ಸನ್ನೆ ಮಾಡಿದೆನು. ಅಜ್ಜಿ ಗಿಟಾರನ್ನು ಎತ್ತಿ ಅವಳ ಕೈಗೆ ಕೊಡುತ್ತ, “ಜೋಪಾನ, ಮ್ಲೇಚ್ಛನನ್ನು ಕೆಳಗೆ ಹಾಕಬೇಡ,” ಎಂದರು.

ನಾನು ಕುಳಿತಲ್ಲಿಯೇ ಕಲ್ಲಾದೆನು. ಹುಡುಗಿ ನಗುತ್ತ, “ಇದಕ್ಕೆ ನಮ್ಮ ಮನೆಯಲ್ಲಿ ಅದೇ ಹೆಸರು, ಅಜ್ಜಾ. ಅಜ್ಜನು ಇಟ್ಟದ್ದಂತೆ. ಯಾಕೆಂದು ಯಾರಿಗೂ ಗೊತ್ತಿಲ್ಲ,” ಎಂದಳು.

ಯಾಕೆಂದು ನಾನು ಹೇಳಿದೆನು. ಶಾರದಾಪೂಜೆಯ ದಿನದಿಂದ ಆರಂಭಿಸಿ, ಮೆಣಸಿನಕಾಯಿಯನ್ನೂ ಬಿಡದೆ, ಮೂವತ್ತು ವರ್ಷ ಕೇಳದೆ ಉಳಿದ ಕ್ಷಮೆಯನ್ನೂ ಸೇರಿಸಿ ಹೇಳಿದೆನು. ಅಜ್ಜಿ ಕೇಳುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಮೆಣಸಿನಕಾಯಿಯ ಮಾತು ಬಂದಾಗ ಮಾತ್ರ, “ಹಾಗೆಯೇ ಹೇಳುವವರು ಅವರು,” ಎಂದರು. ಹುಡುಗಿ ಏನೂ ಹೇಳಲಿಲ್ಲ. ಗೆರಟೆಯ ಕಿವಿಯನ್ನು ಹಿಡಿದು ಮೂರನೆಯ ತಂತಿಯನ್ನು ಬೇಕಾದುದಕ್ಕಿಂತ ಕೆಳಕ್ಕೆ ಇಳಿಸಿ, ಮತ್ತೆ ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸಿ, ನುಡಿಸತೊಡಗಿದಳು.